ಮದಕದ ಅಂಚು, ಊರಿನ ಕಾವಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಗುಡ್ಡದ ಮಡಿಲಲ್ಲಿ ಮೂರು ಬದಿಗೆ ಇಳಿಜಾರು, ನಾಲ್ಕನೆಯ ಬದಿಗೆ ಕಟ್ಟಿದ ಏರಿ. ಕರಾವಳಿಯವರು ಮದಕ ಎನ್ನುವ ಈ ಕೆರೆಗಳನ್ನು ಊರವರೇ ಸೇರಿ ಉಳಿಸಿಕೊಳ್ಳುವ, ಪಕ್ಕದ ಕಾಡನ್ನೂ ಹಕ್ಕಿ, ಪ್ರಾಣಿಗಳಿಗಾಗಿ ಕಾಯುವ ಬಗ್ಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಬೈಲಿನ ಮೇಲ್ಬದಿಯಲ್ಲಿ ಒಂದು ಎಕರೆಯಷ್ಟು ಹಳೆಯ ಮದಕವಿದೆ. ಸುತ್ತ ನಾಲ್ಕು ಎಕರೆ ಕುರುಚಲು ಕಾಡು, ಒಂದು ಮೂಲೆಗೆ ನಾಗಬನ. ಹೂಳು ತೆಗೆದು, ಸುತ್ತಲೂ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಕಟ್ಟಿ, ಮೇಲೆ ಇಂಟರ್‌ಲಾಕ್ ಹಾಸಿ ವಾಕಿಂಗ್ ಟ್ರ್ಯಾಕ್ ಮಾಡುವುದೆಂದು ಅಂದಾಜುಪಟ್ಟಿ ತಯಾರಾಗಿದೆ. ಹಕ್ಕಿ, ಪ್ರಾಣಿಗಳಿಗೂ ಅನುಕೂಲವಾಗಬೇಕೆಂಬುದು ನಮ್ಮ ಯುವಕ ಮಂಡಲದ ಆಸೆ. ಈ ಪಟ್ಟಿ ಸರಿಯಿದೆಯೇ?
(ಕಾರ್ಕಳ ತಾಲೂಕು)

ಉತ್ತರ: ಹೂಳು ತೆಗೆಯಬೇಕು, ಅದು ಸರಿ. ಸುತ್ತ ಗೋಡೆ ಮಾತ್ರ ಬೇಡವೇ ಬೇಡ. ಕೆಲಸ ಶುರುವಾಗುವ ಮೊದಲೇ ಪಟ್ಟಿಯಿಂದ ತೆಗೆಸಿ.

ಕೆರೆಯ ಜೀವಿಗಳಲ್ಲಿ ಹೆಚ್ಚಿನವು ಬದುಕುವುದು ನಡುನೀರಿನಲ್ಲಲ್ಲ, ನೀರು ಮತ್ತು ಮಣ್ಣು ಸೇರುವ ಅಂಚಿನಲ್ಲಿ. ಕಪ್ಪೆ ಮೊಟ್ಟೆಯಿಡುವುದು ಗೇಣುದ್ದದ ನೀರಿನಲ್ಲಿ. ಕೊಳದ ಬಕ ಮೊಣಕಾಲು ನೆನೆಯುವಷ್ಟು ಆಳದಲ್ಲೇ ಹೊಂಚು ಹಾಕುತ್ತದೆ. ಹುಂಡುಕೋಳಿ ದಂಡೆಯ ಪೊದೆಯಲ್ಲಿ ಗೂಡು ಕಟ್ಟುತ್ತದೆ. ಆಮೆ ಮೊಟ್ಟೆಯಿಡಲು ಮಣ್ಣಿನ ದಂಡೆ ಹತ್ತಬೇಕು. ನೆಟ್ಟಗೆ ನಿಲ್ಲಿಸಿದ ಗೋಡೆ ಈ ಅಂಚನ್ನೇ ಅಳಿಸಿಬಿಡುತ್ತದೆ. ನೀರು ಕುಡಿಯಲು ಇಳಿದ ಕಾಡುಹಂದಿ ಮರಿ, ಕಡವೆ, ಊರ ದನ ಮೇಲೆ ಹತ್ತಲಾಗದೆ ಸಾಯುವುದೂ ಇಂಥ ಕೆರೆಗಳಲ್ಲೇ.

ಇದರ ಬದಲು ಹೀಗೆ ಮಾಡಿ. ಏರಿಯ ಬದಿ ಬಿಟ್ಟು ಉಳಿದ ಮೂರು ಬದಿಗಳಲ್ಲಿ ಕನಿಷ್ಠ ಎರಡು ಬದಿಗೆ ಒಂದಕ್ಕೆ ಐದರ ಇಳಿಜಾರು ಕೊಡಿ. ಅಂದರೆ ಒಂದು ಅಡಿ ಆಳಕ್ಕೆ ಇಳಿಯಲು ಐದು ಅಡಿ ನಡೆಯಬೇಕು. 60 ಸೆಂ.ಮೀ. ಆಳ ಬರುವಷ್ಟರಲ್ಲಿ 3 ಮೀಟರ್ ಅಗಲದ ತೆಳುನೀರಿನ ಪಟ್ಟಿ ಸಿಗುತ್ತದೆ. ಒಟ್ಟು ವಿಸ್ತಾರದ ಮೂರರಲ್ಲಿ ಒಂದು ಪಾಲು ಈ ತೆಳುನೀರಿಗೆ, ಇನ್ನೊಂದು ಪಾಲು ಒಂದೂವರೆ ಮೀಟರ್‌ವರೆಗಿನ ಆಳಕ್ಕೆ ಇರಲಿ. ಏರಿಯಿಂದ ಐದಾರು ಮೀಟರ್ ದೂರ ಬಿಟ್ಟು, ಒಂದು ಕಡೆ ಮಾತ್ರ 3 ಮೀಟರ್ ಆಳದ ಗುಂಡಿ ಮಾಡಿ. ಮೇ ತಿಂಗಳಲ್ಲಿ ಉಳಿದದ್ದೆಲ್ಲ ಒಣಗಿದಾಗ ಮೀನು, ಆಮೆಗಳಿಗೆ ಆ ಗುಂಡಿಯೇ ಗತಿ. ಗುಂಡಿಯನ್ನು ಏರಿಯ ಬುಡಕ್ಕೆ ತಾಗಿಸಿ ತೆಗೆದರೆ ಏರಿ ಕುಸಿಯುತ್ತದೆ, ಎಚ್ಚರ.

ಕಲ್ಲಿನ ಕೆಲಸ ಬೇಕಿರುವುದು ಎರಡೇ ಕಡೆ: ಏರಿಯ ಒಳಮೈಗೆ ಅಲೆ ಬಡಿಯುವಲ್ಲಿ ಗಾರೆಯಿಲ್ಲದೆ ಜೋಡಿಸಿದ ಕಲ್ಲು, ಮತ್ತು ಊರವರು ನೀರಿಗಿಳಿಯುವಲ್ಲಿ ಒಂದು ಮೆಟ್ಟಿಲ ಸಾಲು. ನಡೆಯುವ ದಾರಿ ಬೇಕೇಬೇಕೆಂದರೆ ಏರಿಯ ಮೇಲಷ್ಟೇ ಇರಲಿ, ಮಣ್ಣಿನದೇ ಆಗಿರಲಿ.

ಇನ್ನು ಹೂಳು. ಅತಿ ಹೆಚ್ಚು ಕೆರೆಗಳು ಕೆಡುವುದು ಇಲ್ಲಿ. "ಕೆಲಸಕ್ಕೆ ಮೊದಲು ಏಪ್ರಿಲ್‌ವರೆಗೆ ನೀರಿತ್ತು, ಹೂಳು ತೆಗೆಸಿದ ಮೇಲೆ ಜನವರಿಗೇ ಬತ್ತಿತು" ಎಂಬ ದೂರು ಎಷ್ಟೋ ಊರುಗಳದ್ದು. ಕಾರಣ ಸರಳ. ನಮ್ಮ ಮುರ ಮಣ್ಣಿನಲ್ಲಿ ನೀರು ಜರಡಿಯಲ್ಲಿ ಇಳಿದಂತೆ ಇಳಿದುಹೋಗುತ್ತದೆ. ಹಳೆಯ ಮದಕದಲ್ಲಿ ನೀರು ನಿಂತದ್ದು ತಳದಲ್ಲಿ ನೂರಾರು ವರ್ಷ ಕೂತ ಜೇಡಿಯ ಪದರದಿಂದ. ಹಿಟಾಚಿ ಆ ಪದರವನ್ನು ಒಡೆದು ಕೆಳಗಿನ ಮುರಕ್ಕೆ ಮುಟ್ಟಿತೋ, ಕೆರೆ ಹೋಯಿತು.

ಆದ್ದರಿಂದ ಯಂತ್ರ ಬರುವ ಮೊದಲು ಐದು ಕಡೆ, ನಾಲ್ಕು ಮೂಲೆ ಮತ್ತು ನಡುವೆ, ಹಾರೆ ಗುದ್ದಲಿಯಲ್ಲಿ ಗುಂಡಿ ತೆಗೆದು ನೋಡಿ. ಮೇಲೆ ಸಿಗುವುದು ಕಪ್ಪು ಹೂಳು: ಮೆತ್ತಗೆ, ಎಲೆ ಕೊಳೆತ ವಾಸನೆ, ಕೈಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ಅದರಡಿ ಬೂದು ಅಥವಾ ನಸುಬಿಳಿ ಜೇಡಿ: ಉಂಡೆ ಕಟ್ಟಿದರೆ ನಿಲ್ಲುತ್ತದೆ, ಎರಡು ಅಂಗೈ ನಡುವೆ ಹೊಸೆದರೆ ಪೆನ್ಸಿಲ್ ದಪ್ಪದ ಬತ್ತಿಯಾಗಿ ಬಿರುಕಿಲ್ಲದೆ ಬಾಗುತ್ತದೆ. ಬೂದು ಬಣ್ಣ ಕಂಡಲ್ಲಿಗೆ ಅಗೆತ ನಿಲ್ಲಬೇಕು. ಪ್ರತಿ ಗುಂಡಿಯಲ್ಲಿ ಕಪ್ಪು ಹೂಳು ಎಷ್ಟು ಸೆಂ.ಮೀ. ಎಂದು ಅಳೆದು, ಅಲ್ಲೇ ಗೂಟ ನೆಟ್ಟು ಗುರುತು ಮಾಡಿ, ಆಪರೇಟರ್‌ಗೆ ತೋರಿಸಿ. ಯಂತ್ರ ಓಡುವ ಎಲ್ಲ ದಿನವೂ ಊರಿನವರೊಬ್ಬರು ಪಕ್ಕದಲ್ಲಿ ನಿಂತಿರಲೇಬೇಕು. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಆಳ ತೆಗೆದಷ್ಟೂ ಕೆಲಸ ಚೆನ್ನಾಗಿ ಕಾಣುತ್ತದೆ. ತಪ್ಪು ಅವರದಲ್ಲ, ಹೇಳದವರದು.

ಜೇಡಿ ಈಗಾಗಲೇ ಒಡೆದಿದ್ದರೆ ಒಡೆದ ಜಾಗಕ್ಕೆ ಮಾತ್ರ ಗದ್ದೆಯ ಅಡಿಮಣ್ಣಿನ ಜೇಡಿಯನ್ನು 15 ಸೆಂ.ಮೀ. ಪದರವಾಗಿ ಎರಡು ಸಲ ಹಾಕಿ, ಪ್ರತಿ ಸಲವೂ ನೀರು ಚಿಮುಕಿಸಿ, ಗದ್ದೆ ಕೆಸರು ಮಾಡುವಂತೆ ಚೆನ್ನಾಗಿ ತುಳಿಸಬೇಕು. ಆಮೇಲೆ ಅದು ಬಿಸಿಲಿಗೆ ಬಿರಿಯಬಾರದು, ತೆಂಗಿನ ಮಡಲು ಮುಚ್ಚಿಡಿ.

ಒಂದು ಎಕರೆಯಲ್ಲಿ ಸರಾಸರಿ ಅರ್ಧ ಮೀಟರ್ ಹೂಳು ಎಂದರೆ ಸುಮಾರು 2,000 ಘನ ಮೀಟರ್. ಟಿಪ್ಪರ್‌ಗೆ 5 ಘನ ಮೀಟರ್ ಹಿಡಿದರೆ 400 ಲೋಡ್. ಪೂರ್ತಿ ಒಂದೇ ವರ್ಷ ತೆಗೆಯಬೇಡಿ. ಮೂರರಲ್ಲಿ ಒಂದು ಭಾಗ ಮುಟ್ಟದೆ ಬಿಟ್ಟರೆ ಅಲ್ಲಿ ನೈದಿಲೆ ಗೆಡ್ಡೆ, ಬಸವನಹುಳ, ಕೆಸರಲ್ಲಿ ಹುದುಗಿದ ಮುಗುಡು ಮೀನು, ಆಮೆ ಉಳಿಯುತ್ತವೆ. ಮಳೆ ಬಂದ ಮೇಲೆ ಅಲ್ಲಿಂದಲೇ ಇಡೀ ಕೆರೆಗೆ ಹರಡುತ್ತವೆ. ಆ ಭಾಗವನ್ನು ಎರಡು ಮೂರು ವರ್ಷ ಕಳೆದು ತೆಗೆಯಬಹುದು. ತೆಗೆದ ಹೂಳನ್ನು ತೋಟಗಳಿಗೆ ಹಂಚಿ, ದಂಡೆಯಲ್ಲಿ ರಾಶಿ ಹಾಕಿದರೆ ಜೂನ್‌ನಲ್ಲಿ ಅದು ಮತ್ತೆ ಕೆರೆಗೇ ಇಳಿಯುತ್ತದೆ.

ಕೆಲಸದ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯ. ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ಎಳೆಯಬೇಡಿ. ಹೊಸ ಮಣ್ಣಿನ ಮೇಲೆ ಹುಲ್ಲು ಹಿಡಿಯಲು ಒಂದೆರಡು ಬೇಸಿಗೆ ಮಳೆಯಾದರೂ ಸಿಗಬೇಕು.

ಪ್ರಶ್ನೆ: ನಮ್ಮಲ್ಲಿ ಮಳೆಗೇನೂ ಕೊರತೆಯಿಲ್ಲ. ಆದರೂ ಕಳೆದ ಜುಲೈಯಲ್ಲಿ ದುರಸ್ತಿ ಮಾಡಿದ ಏರಿ ಒಂದೇ ರಾತ್ರಿಗೆ ಕೊಚ್ಚಿಹೋಯಿತು. ಎಲ್ಲಿ ತಪ್ಪಿದೆವು?
(ಹೆಬ್ರಿ ತಾಲೂಕು)

ಉತ್ತರ: ಏರಿ ಹೋಗುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ: ಕೋಡಿ ಚಿಕ್ಕದಾಗಿ ನೀರು ಏರಿಯ ನೆತ್ತಿ ಹತ್ತುವುದು, ಇಲ್ಲವೇ ಒಳಗಿನಿಂದ ನೀರು ದಾರಿ ಕೊರೆಯುವುದು.

ಕೋಡಿಯ ಲೆಕ್ಕ ನೋಡೋಣ. ನಮ್ಮ ಕರಾವಳಿಯಲ್ಲಿ ಗಂಟೆಗೆ 100 ಮಿ.ಮೀ. ಮಳೆಗೆ ಸಿದ್ಧವಾಗಿರಬೇಕು. ಐದು ಎಕರೆ ಗುಡ್ಡದಿಂದ ಅದರ ಅರ್ಧ ಹರಿದು ಬಂದರೂ ಸೆಕೆಂಡಿಗೆ ಸುಮಾರು 280 ಲೀಟರ್. ಕೋಡಿಯ ಮೇಲೆ ಒಂದು ಅಡಿ ಎತ್ತರಕ್ಕೆ ನೀರು ಹರಿದರೆ ಅಷ್ಟು ಹೊರಹೋಗಲು 1 ಮೀಟರ್ ಅಗಲ ಬೇಕು. ಮಡಲು, ಕೊಂಬೆ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುವುದರಿಂದ ಪ್ರತಿ ಐದು ಎಕರೆಗೆ 2 ಮೀಟರ್ ಎಂದು ಇಟ್ಟುಕೊಳ್ಳಿ. ಹದಿನೈದು ಎಕರೆ ನೀರು ಬರುವ ಮದಕಕ್ಕೆ ನಾಲ್ಕಂಗುಲದ ಎರಡು ಪಿವಿಸಿ ಪೈಪ್ ಇಟ್ಟು "ಕೋಡಿ" ಎಂದರೆ ಏರಿ ಉಳಿಯುವುದು ಹೇಗೆ? ಕೋಡಿಯ ಮಟ್ಟಕ್ಕಿಂತ ಏರಿಯ ನೆತ್ತಿ ಕನಿಷ್ಠ 60 ಸೆಂ.ಮೀ. ಮೇಲಿರಬೇಕು. ಹೊಸ ಮಣ್ಣು ಮೊದಲ ವರ್ಷ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ, ಅದನ್ನೂ ಸೇರಿಸಿ ಎತ್ತರ ಕೊಡಿ.

ಎರಡು ಮೀಟರ್ ಎತ್ತರದ ಏರಿಗೆ ನೆತ್ತಿಯ ಅಗಲ ಒಂದೂವರೆ ಮೀಟರ್, ನೀರಿನ ಬದಿಗೆ ಒಂದಕ್ಕೆ ಎರಡು, ಹೊರಬದಿಗೆ ಒಂದಕ್ಕೆ ಒಂದೂವರೆ ಇಳಿಜಾರು ಸಾಕು. ಮಣ್ಣನ್ನು 15–20 ಸೆಂ.ಮೀ. ಪದರವಾಗಿ ಹಾಕಿ ಒತ್ತಿಸಬೇಕು. ಟಿಪ್ಪರ್ ಸುರಿದ ರಾಶಿಯನ್ನು ಮೇಲಿನಿಂದ ಬಕೆಟ್‌ನಲ್ಲಿ ತಟ್ಟಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಹಳೆಯ ಏರಿಯ ಹುಲ್ಲು, ಬೇರು ಕೆತ್ತದೆ ಅದರ ಮೇಲೆಯೇ ಹೊಸ ಮಣ್ಣು ಹೇರಿದರೆ ಎರಡರ ನಡುವಿನ ಸಂದಿಯಲ್ಲಿ ನೀರು ಹೊಕ್ಕುತ್ತದೆ. ಏಡಿ ಬಿಲ, ಗೆದ್ದಲು ಹುತ್ತ, ಕಡಿದ ಮರದ ಕೊಳೆತ ಬೇರು, ಈ ಮೂರೂ ನೀರಿಗೆ ಸಿದ್ಧ ದಾರಿಗಳು. ಏರಿಯ ಮೇಲೆ ಮರ ನೆಡಬೇಡಿ. ಲಾವಂಚವನ್ನು ಸಾಲಿನಲ್ಲಿ ಗೇಣಿಗಿಂತ ಹತ್ತಿರ ಹತ್ತಿರ ನೆಡಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಏರಿಯ ಹೊರಬುಡದಲ್ಲಿ ನಡೆದು ನೋಡಿ. ತಿಳಿನೀರು ಜಿನುಗಿದರೆ ಗಾಬರಿಯಿಲ್ಲ. ಕೆಂಪಗೆ ಮಣ್ಣು ಕದಡಿ ಬರುತ್ತಿದ್ದರೆ ಒಳಗೆ ಕೊರೆತ ಶುರುವಾಗಿದೆ: ಆ ಬಾಯಿ ಮುಚ್ಚಬೇಡಿ, ಅದರ ಸುತ್ತ ಮರಳು ಚೀಲದ ಬಳೆ ಕಟ್ಟಿ ಒಳಗೆ ಮರಳು, ಜಲ್ಲಿ ತುಂಬಿ, ತಕ್ಷಣ ತೂಬು ತೆರೆದು ಮಟ್ಟ ಇಳಿಸಿ.

ಕೋಡಿಯ ಬಗ್ಗೆ ಇನ್ನೊಂದು ಮಾತು. ಮೊದಲ ಮಳೆಗೆ ತೋಡಿನಿಂದ (ಸಣ್ಣ ಹಳ್ಳದಿಂದ) ಮೇಲಕ್ಕೆ ಏರಿ ಬರುವ ಮೀನುಗಳಿವೆ. ಮಲೆನಾಡಿನವರು ಹತ್ತುಮೀನು ಎನ್ನುತ್ತಾರೆ, ತುಳುವಿನಲ್ಲಿ ಉಬರ್. ಮೊಟ್ಟೆಯಿಡಲು ಹೊರಟ ಈ ಮೀನು ಕೋಡಿಯ ಕೆಳಗೆ ನಾಲ್ಕಡಿ ನೆಟ್ಟಗಿನ ಕಾಂಕ್ರೀಟ್ ಗೋಡೆ ಕಂಡರೆ ಅಲ್ಲೇ ಗುಂಪಾಗಿ ನಿಲ್ಲುತ್ತದೆ, ಬುಟ್ಟಿ ಹಿಡಿದವರಿಗೆ ಸುಲಭದ ತುತ್ತಾಗುತ್ತದೆ. ಕೋಡಿಯ ಹೊರಮೈಯನ್ನು ಒಂದಕ್ಕೆ ಹತ್ತರ ಓರೆಯಲ್ಲಿ ಮಾಡಿ, ಕಾಡುಕಲ್ಲುಗಳನ್ನು ಅರ್ಧ ಹೂತು ಅರ್ಧ ಹೊರಗೆ ಬಿಡಿ. ಕಲ್ಲಿನ ಮರೆಯಲ್ಲಿ ಸುಧಾರಿಸಿಕೊಳ್ಳುತ್ತಾ ಮೀನು ಹತ್ತುತ್ತದೆ. ಅಡಿಪಾಯ ಕೊರೆಯುವುದೂ ತಪ್ಪುತ್ತದೆ.

ಪ್ರಶ್ನೆ: ಮದಕ ಮತ್ತು ಕಾಡನ್ನು "ಅಭಯಾರಣ್ಯ" ಎಂದು ಘೋಷಿಸಿ ಬೋರ್ಡ್ ಹಾಕಲು ಗ್ರಾಮಸ್ಥರು ತೀರ್ಮಾನಿಸಿದ್ದೇವೆ. ಕಾನೂನಿನ ತೊಡಕು ಇದೆಯೇ? ಜಾಗ ಸ್ವಲ್ಪ ವರ್ಗ (ಪಟ್ಟಾ ಜಮೀನು), ಸ್ವಲ್ಪ ಕುಮ್ಕಿ (ವರ್ಗಕ್ಕೆ ತಾಗಿದ ಸರ್ಕಾರಿ ಜಾಗ).
(ಬಂಟ್ವಾಳ ತಾಲೂಕು)

ಉತ್ತರ: ಅಭಯಾರಣ್ಯ ಎನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪದ, ಘೋಷಿಸುವ ಅಧಿಕಾರ ಸರ್ಕಾರದ್ದು. ನಿಮ್ಮಂಥವರಿಗಾಗಿಯೇ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ "ಸಮುದಾಯ ಮೀಸಲು" ಎಂಬ ವಿಭಾಗ ಸೇರಿತು. ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ, ಜನರೇ ಮುಂದೆ ಬಂದು ವನ್ಯಜೀವಿ ಕಾಯಲು ಒಪ್ಪಿದರೆ, ರಾಜ್ಯ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಸಮುದಾಯದ ಜಮೀನಾದರೆ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತ್ ನೇಮಿಸುವ ಕನಿಷ್ಠ ಐವರು ಪ್ರತಿನಿಧಿಗಳು, ಅರಣ್ಯ ಇಲಾಖೆಯ ಒಬ್ಬರು ಇರುತ್ತಾರೆ; ಖಾಸಗಿ ಜಮೀನಾದರೆ ಜಮೀನಿನ ಮಾಲೀಕರು, ಅರಣ್ಯ ಇಲಾಖೆಯವರು, ಪಂಚಾಯತ್ ಪ್ರತಿನಿಧಿ ಇರುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಜನರ ಮನೆಯಂಗಳದ ಮರಗಳಲ್ಲೇ.

ಒಂದು ವಿಷಯ ಎಲ್ಲರಿಗೂ ಮೊದಲೇ ಗೊತ್ತಿರಲಿ. ಘೋಷಣೆಯಾದ ಮೇಲೆ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆಯಿಲ್ಲದೆ ಆ ಜಮೀನಿನ ಬಳಕೆ ಬದಲಾಯಿಸುವಂತಿಲ್ಲ. ತನ್ನ ವರ್ಗ ಜಾಗ ಕೊಡುವವರು ನಾಳೆ ಅಲ್ಲಿ ರಬ್ಬರ್ ಹಾಕಲಾಗದು. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಿದರೆ ಆಮೇಲೆ ಊರೇ ಒಡೆಯುತ್ತದೆ.

ಕುಮ್ಕಿ ಜಾಗದಲ್ಲಿ ವರ್ಗದಾರರಿಗಿರುವುದು ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ, ಒಡೆತನ ಸರ್ಕಾರದ್ದು. ಹಾಗಾಗಿ ಮೊದಲ ಹೆಜ್ಜೆ ಪಹಣಿ ಮತ್ತು ಸರ್ವೆ ನಕ್ಷೆ. ಕೆರೆಯ ಹೆಸರು ಪಹಣಿಯಲ್ಲಿ ಇದೆಯೇ, ಎಷ್ಟು ಸೆಂಟ್ಸ್ ಎಂದು ನೋಡಿ, ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿ.

ಘೋಷಣೆಗೆ ಕಾಯುತ್ತಾ ಕೂರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಲವೆಡೆ ಅದು ಕಡತದಲ್ಲಿ ಮಾತ್ರ ಇರುತ್ತದೆ. ನಿಮ್ಮ ಮದಕದ ಮೂಲಕ ಅದಕ್ಕೆ ಜೀವ ಬರಲಿ. ಮದಕದ ಜೀವಿಗಳ ಪಟ್ಟಿಯನ್ನು ಆ ಸಮಿತಿಯ ದಾಖಲಾತಿಗೆ ಸೇರಿಸಿ, ಗ್ರಾಮಸಭೆಯಲ್ಲಿ ನಿಯಮಗಳನ್ನು ನಿರ್ಣಯವಾಗಿ ಬರೆಸಿ. ನಿಯಮ ಐದಾರಕ್ಕಿಂತ ಹೆಚ್ಚು ಬೇಡ: ಬೇಟೆಯಿಲ್ಲ, ಉರುಳು ಇಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ಕಸ ತರುವಂತಿಲ್ಲ, ಕೆಂಪು ಗೆರೆಯ ಕೆಳಗೆ ಪಂಪ್ ಇಲ್ಲ. ಈ ಗೆರೆಯನ್ನು ಆಳದ ಗುಂಡಿಯಲ್ಲಿ ಒಂದೂವರೆ ಮೀಟರ್ ನೀರು ಉಳಿಯುವ ಮಟ್ಟಕ್ಕೆ ಕಲ್ಲುಕಂಬದ ಮೇಲೆ ಬಳಿಯಿರಿ. ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾಗುತ್ತದೆ, ತಿಂಗಳಿಗೆ ಅರ್ಧ ಅಡಿಯಷ್ಟು ಮಟ್ಟ ಇಳಿಯಿತು. ಮಾರ್ಚ್‌ನಲ್ಲಿ ಗೆರೆ ಮುಟ್ಟಿದರೂ ಮಳೆ ಬರುವವರೆಗೆ ಗುಂಡಿ ಬತ್ತದಿರಲು ಇಷ್ಟು ಬೇಕೇಬೇಕು.

ಬೋರ್ಡಿನಲ್ಲಿ "ಊರಿನ ಸಂರಕ್ಷಿತ ತಾಣ" ಎಂದು ಬರೆಯಿರಿ, ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ: ಕಾಡು ಬೆಳೆಸಿ ಎನ್ನುತ್ತೀರಿ. ಹಂದಿ, ನವಿಲು ಬಂದು ನನ್ನ ಗದ್ದೆ ತಿಂದರೆ ಯಾರು ಕೊಡುತ್ತಾರೆ? ಅದಲ್ಲದೆ, ನನ್ನ ತೋಟಕ್ಕೆ ಮದ್ದು ಬಿಡುವುದರಿಂದ ಕೆರೆಯ ಮೀನು ಸಾಯುತ್ತದೆಂದು ಊರವರು ದೂರುತ್ತಿದ್ದಾರೆ. ಕೊಳೆರೋಗಕ್ಕೆ ಮದ್ದು ಬಿಡದೆ ಅಡಿಕೆ ಉಳಿಯುವುದುಂಟೇ?
(ಬೆಳ್ತಂಗಡಿ ತಾಲೂಕು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕಾಡಿನ ಅಂಚಿನ ಗದ್ದೆಯವರು ಒಬ್ಬರೇ ನಷ್ಟ ಹೊರುವ ವ್ಯವಸ್ಥೆ ಹೆಚ್ಚು ವರ್ಷ ನಡೆಯುವುದಿಲ್ಲ.

ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಹಾನಿ ಕಂಡ ದಿನವೇ ಹೆಜ್ಜೆ ಗುರುತು, ಬಿದ್ದ ಬೆಳೆ ಎರಡೂ ಬರುವಂತೆ ಫೋಟೊ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೊಂದಿಗೆ ವಲಯ ಕಚೇರಿಗೆ ಅರ್ಜಿ ಕೊಡಿ. ಮದಕದ ಸಮಿತಿಯೇ ಈ ಓಡಾಟ ವಹಿಸಿಕೊಳ್ಳಲಿ. ಹಂದಿಗೆ ಸೋಲಾರ್ ಬೇಲಿಯ ತಂತಿಗಳು 20, 45, 75 ಸೆಂ.ಮೀ. ಎತ್ತರದಲ್ಲಿರಬೇಕು. ಕೆಳತಂತಿಗೆ ಹುಲ್ಲು ತಾಗಿದರೆ ಶಾಕ್ ಇಳಿದುಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಸವರಿ. ಮನೆಯ ಲೈನಿನಿಂದ ನೇರ ತಂತಿ ಎಳೆಯುವುದು ಅಪರಾಧ, ನೆರೆಮನೆಯವರೂ ಸಾಯಬಹುದು.

ಮದ್ದಿನ ವಿಷಯ. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿ, ಬೇಡ ಎನ್ನುವುದಿಲ್ಲ. ಆದರೆ ಮೈಲುತುತ್ತಿನ ತಾಮ್ರ ಗೊದಮೊಟ್ಟೆಗೂ ಮೀನುಮರಿಗೂ ವಿಷ, ಅದೂ ನೀವು ಮೊದಲ ಸಲ ಮದ್ದು ಬಿಡುವ ಮೇ ಕೊನೆ, ಜೂನ್ ಮೊದಲ ವಾರವೇ ಕಪ್ಪೆಗಳು ಮೊಟ್ಟೆಯಿಡುವ ಕಾಲ. ನಾಲ್ಕು ಕೆಲಸ ಮಾಡಿದರೆ ಸಾಕು. ಶೇಕಡಾ 1ರ ದ್ರಾವಣವನ್ನು ಸರಿಯಾಗಿ ಮಾಡಿ: 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಇನ್ನೊಂದು 50 ಲೀಟರಿಗೆ 1 ಕಿಲೋ ಸುಣ್ಣ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿಯೇ ಇದೆ ಎಂದರ್ಥ, ಸುಣ್ಣದ ನೀರು ಸೇರಿಸಿ. ಡ್ರಮ್ ಇಡುವ ಜಾಗ ಮದಕ, ತೋಡಿನಿಂದ 30 ಮೀಟರಾದರೂ ದೂರವಿರಲಿ. ಉಳಿದ ಮದ್ದನ್ನು ಚೆಲ್ಲದೆ ಇನ್ನೊಂದು ಸಾಲು ಮರಕ್ಕೆ ಬಿಟ್ಟು ಮುಗಿಸಿ, ಡ್ರಮ್, ಪೈಪ್ ತೊಳೆದ ನೀರು ತೋಟದ ಗುಂಡಿಗೇ ಹೋಗಲಿ. ಮತ್ತು ಇದು ಮುಖ್ಯ: ತೋಟದ ಕಣಿ (ನೀರು ಹರಿಯುವ ಕಾಲುವೆ) ಮದಕಕ್ಕೆ ಬೀಳುತ್ತಿದ್ದರೆ ಅದನ್ನು ತಿರುಗಿಸಿ ಕೋಡಿಯ ಕೆಳಗಿನ ತೋಡಿಗೆ ಸೇರಿಸಿ. ಆ ತಿರುವು ಕಣಿ ತೋಡುವ ಖರ್ಚನ್ನು ಊರಿನವರು ಹಾಕಲಿ ಎಂದು ನೀವು ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಕೆರೆಗೆ ಯಾವ ಮೀನು ಬಿಡಬೇಕು? ಹರಾಜಿನಿಂದ ಸಮಿತಿಗೆ ಆದಾಯವೂ ಬೇಕು.
(ಕಾಪು ತಾಲೂಕು)

ಉತ್ತರ: ಯಾವುದನ್ನೂ ಬಿಡಬೇಡಿ ಎಂಬುದೇ ನಮ್ಮ ಮೊದಲ ಸಲಹೆ. ತೋಡಿಗೆ ದಾರಿಯಿದ್ದರೆ ಮುಗುಡು, ಕೊಚ್ಚೆಮೀನು ತಾವಾಗಿ ಬರುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಿಷೇಧವಿದೆ. ಅದು ಗೊದಮೊಟ್ಟೆ, ಮೀನು, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಗಾಳಿ ಉಸಿರಾಡುತ್ತಾ ಒದ್ದೆ ನೆಲದಲ್ಲಿ ತೆವಳಿ ಪಕ್ಕದ ಕೆರೆಗೂ ಹೋಗುತ್ತದೆ. ತಿಲಾಪಿಯ ಒಮ್ಮೆ ಸೇರಿದರೆ ಹೋಗುವುದಿಲ್ಲ. ಹುಲ್ಲುಗೆಂಡೆ ದಂಡೆಯ ಗಿಡಗಳನ್ನು ಬೋಳಿಸುತ್ತದೆ. ಅಕ್ವೇರಿಯಂನಲ್ಲಿ ಬೇಡವಾದ ಕೆಂಪುಕಿವಿಯ ಆಮೆಯನ್ನು ಪುಣ್ಯವೆಂದು ತಂದು ಬಿಡುವವರನ್ನೂ ತಡೆಯಬೇಕು.

ಆದಾಯ ಬೇಕೇಬೇಕೆಂದರೆ ಮಾರ್ಚ್‌ನಲ್ಲಿ ಒಂದೇ ಸಲ, ದೊಡ್ಡ ಕಣ್ಣಿನ ಬಲೆಯಲ್ಲಿ, ಕೆರೆಯ ಅರ್ಧದಲ್ಲಷ್ಟೇ ಹಿಡಿಯಲಿ. ಮೊದಲ ಮಳೆಯಿಂದ ಮೂರು ವಾರ ಕೋಡಿ ಮತ್ತು ತೋಡಿನಲ್ಲಿ ಯಾರೂ ಬಲೆ, ಬುಟ್ಟಿ ಇಡಬಾರದು. ಗುತ್ತಿಗೆದಾರರಿಗೆ ಕೊಟ್ಟರೆ ಅವರು ನೀರುಕಾಗೆ ಓಡಿಸಲು ಪಟಾಕಿ ಹಚ್ಚುತ್ತಾರೆ, ಕಳೆ ಎಂದು ನೈದಿಲೆ ಕಿತ್ತೆಸೆಯುತ್ತಾರೆ. ಕಾಪಿಡುವ ಕೆರೆಗೆ ವರ್ಷದ ಗುತ್ತಿಗೆ ಹೊಂದುವುದಿಲ್ಲ.

ನಂಬಿಕೆಯೇ ಕಾವಲಾದ ಉದಾಹರಣೆ ನಿಮ್ಮ ನೆರೆಯ ಜಿಲ್ಲೆಯಲ್ಲೇ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಕಪಿಲಾ ಹೊಳೆಯಲ್ಲಿ ದೇವರ ಮೀನೆಂದು ಯಾರೂ ಬಲೆ ಬೀಸುವುದಿಲ್ಲ. ಆದರೆ ಹರಿಯುವ ಹೊಳೆಯ ರೂಢಿಯನ್ನು ನಿಂತ ಕೆರೆಗೆ ತಂದು ಮಂಡಕ್ಕಿ, ಬ್ರೆಡ್ ಹಾಕಬೇಡಿ. ತಿಂದು ಉಳಿದದ್ದು ಕೊಳೆತು ನೀರಿನ ಆಮ್ಲಜನಕ ಕಡಿಮೆಯಾಗಿ, ಮೋಡ ಕವಿದ ಮುಂಜಾನೆ ಮೀನುಗಳು ಮೇಲ್ಮೈಯಲ್ಲಿ ಬಾಯಿ ಬಿಡುತ್ತವೆ.

ಪ್ರಶ್ನೆ: ಕೆರೆ ಇದ್ದರೆ ಸೊಳ್ಳೆ, ಡೆಂಗಿ ಹೆಚ್ಚುತ್ತದೆ ಎಂದು ಕೆಲವರ ತಕರಾರು.
(ಮಂಗಳೂರು ತಾಲೂಕು)

ಉತ್ತರ: ಡೆಂಗಿಯ ಸೊಳ್ಳೆ ಕೆರೆಯಲ್ಲಲ್ಲ, ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು, ಟಯರ್, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಹುಟ್ಟುತ್ತದೆ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಇರುವ ಕೆರೆಯಲ್ಲಿ ಲಾರ್ವ ಉಳಿಯುವುದು ಕಷ್ಟ. ತಲೆಯ ಮೇಲೆ ಬೆಳ್ಳಿ ಚುಕ್ಕಿ ಹೊಳೆಯುವ ಪುಟ್ಟ ಪ್ಯಾಂಚಾಕ್ಸ್ ಮೀನು ನಮ್ಮ ತೋಡುಗಳಲ್ಲೇ ಇದೆ. ಹೊರಗಿನ ಗ್ಯಾಂಬೂಸಿಯ ತರಬೇಡಿ, ಅದು ಗೊದಮೊಟ್ಟೆಗಳನ್ನೂ ಕಚ್ಚುತ್ತದೆ.

ಪ್ರಶ್ನೆ: ನೀರಾವರಿಗೆ ಗುಡ್ಡದ ಮೇಲೆ ಪ್ಲಾಸ್ಟಿಕ್ ಹಾಸಿದ ಹೊಂಡ ಮಾಡಿದ್ದೇವೆ. ತಿಂಗಳಿಗೊಂದಾದರೂ ಪ್ರಾಣಿ ಬಿದ್ದು ಸಾಯುತ್ತದೆ. ಮಾಡುವುದೇನು?
(ಮೂಡುಬಿದಿರೆ ತಾಲೂಕು)

ಉತ್ತರ: ಒದ್ದೆ ಪ್ಲಾಸ್ಟಿಕ್ ಮೇಲೆ ಉಗುರು ನಾಟುವುದಿಲ್ಲ. ಬಿದ್ದ ಪ್ರಾಣಿ ಗೋಡೆಯ ಉದ್ದಕ್ಕೂ ಸುತ್ತಿ ಸುತ್ತಿ ಸುಸ್ತಾಗಿ ಮುಳುಗುತ್ತದೆ. ಹಾಗಾಗಿ ದಾರಿ ಇರಬೇಕಾದದ್ದು ಮೂಲೆಗಳಲ್ಲಿ. ನಾಲ್ಕೂ ಮೂಲೆಗೆ ಎರಡಡಿ ಅಗಲದ ತೆಂಗಿನ ನಾರಿನ ಹಾಸನ್ನು ಮೇಲಿನ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಿ, ಅದಕ್ಕೆ ಅರ್ಧರ್ಧ ಅಡಿಗೆ ಅಡಿಕೆ ಸಲಾಕೆ ಅಡ್ಡ ಕಟ್ಟಿ. ತುದಿಗೆ ಮರಳು ಚೀಲ ಕಟ್ಟಿದರೆ ತೇಲುವುದಿಲ್ಲ. ಕಲ್ಲು ಕಟ್ಟಿದರೆ ಹಾಳೆ ಹರಿಯುತ್ತದೆ. ನೀರಿನ ಮಟ್ಟ ಇಳಿದಂತೆ ದಾರಿಯೂ ಕೆಳಗೆ ಇರಬೇಕು, ಮೇಲಿನ ಎರಡಡಿಗೆ ಮಾತ್ರ ಕಟ್ಟಿದರೆ ಏಪ್ರಿಲ್‌ನಲ್ಲಿ ಉಪಯೋಗವಿಲ್ಲ. ಸುತ್ತ ನಾಲ್ಕಡಿ ಬೇಲಿ ಮಕ್ಕಳಿಗಾಗಿ ಹೇಗೂ ಬೇಕು. ಹೊರಗೆ ಒಂದು ತಗ್ಗಿನ ತೊಟ್ಟಿಯಲ್ಲಿ ನೀರಿಟ್ಟರೆ ಪ್ರಾಣಿ ಹೊಂಡಕ್ಕೆ ಬರುವುದೇ ಕಡಿಮೆ.

ಪ್ರಶ್ನೆ: ಹಾವು ಹಿಡಿಯುವವರು ಪೇಟೆಯಲ್ಲಿ ಹಿಡಿದ ಹಾವುಗಳನ್ನು ನಮ್ಮ ಕಾಡಿಗೆ ತಂದು ಬಿಡುತ್ತಾರೆ.
(ಉಡುಪಿ ತಾಲೂಕು)

ಉತ್ತರ: ಅರಣ್ಯ ಇಲಾಖೆಗೆ ತಿಳಿಸದೆ ಬಿಡುವಂತಿಲ್ಲ. ಹೊಸ ಜಾಗದಲ್ಲಿ ಅಡಗುತಾಣ ಗೊತ್ತಿಲ್ಲದ ಹಾವು ಅಲೆದಾಡಿ ಹೆಚ್ಚಾಗಿ ಸಾಯುತ್ತದೆ, ಅಥವಾ ಹತ್ತಿರದ ಮನೆ ಸೇರುತ್ತದೆ. ಹಿಡಿದ ಜಾಗದ ಆಸುಪಾಸಿನಲ್ಲೇ ಬಿಡುವುದು ಕ್ರಮ.

ಪ್ರಶ್ನೆ: ವನಮಹೋತ್ಸವಕ್ಕೆ ಸಾವಿರ ಗಿಡ ಸಿಗುತ್ತದೆ. ಮದಕದ ಸುತ್ತ ಮತ್ತು ಮೇಲಿನ ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ) ನೆಡಬಹುದೇ? ಕೆರೆಯಲ್ಲಿ ತುಂಬಿರುವ ಸಾಲ್ವಿನಿಯಾ ಎಂಬ ತೇಲುವ ಕಳೆಗೂ ಉಪಾಯ ಹೇಳಿ.
(ಬ್ರಹ್ಮಾವರ ತಾಲೂಕು)

ಉತ್ತರ: ಪದವಿನಲ್ಲಿ ನೆಡಬೇಡಿ. ಅದು ಬರಡು ನೆಲವಲ್ಲ. ಮಳೆಗಾಲದಲ್ಲಿ ಆ ಬಂಡೆಹಾಸಿನ ಮೇಲೆ ಬೆರಳೆತ್ತರದ ಯುಟ್ರಿಕ್ಯುಲೇರಿಯಾ ನೀಲಿ ಹಾಸುತ್ತದೆ, ಗಿಡದ ಬೇರಿನ ಬಳಿಯ ಸಾಸಿವೆಗಿಂತ ಸಣ್ಣ ಚೀಲಗಳು ನೀರಿನ ಹುಳುಗಳನ್ನು ಹೀರಿಕೊಳ್ಳುತ್ತವೆ. ಅಲ್ಲಿ ಗುಂಡಿ ತೋಡಿ ಅಕೇಶಿಯಾ ನೆಟ್ಟರೆ ಆ ಲೋಕವೇ ಮುಗಿಯಿತು. ಮದಕಕ್ಕೆ ಸೋಸಿ ಬರುವ ನೀರಿನ ಮೂಲವೂ ಅದೇ ಪದವು.

ಮದಕದ ದಂಡೆಗೆ ಕೇದಗೆ, ನೇರಳೆ, ಅತ್ತಿ, ಹೊಂಗೆ, ಸುರಹೊನ್ನೆ; ಸ್ವಲ್ಪ ಮೇಲಕ್ಕೆ ಪುನರ್ಪುಳಿ, ಬೈನೆ, ಗೋಳಿ. ನಾಗಬನದಿಂದ ನೀರಿನವರೆಗೆ ಗಿಡಗಳ ಸಾಲು ಎಲ್ಲೂ ಕಡಿಯದೆ ಸಾಗಲಿ, ಪುನುಗುಬೆಕ್ಕು, ಉಡ ಬಯಲಿಗೆ ಬೀಳದೆ ನೀರಿಗೆ ಬರುತ್ತವೆ. ಸಾವಿರ ಬೇಡ, ಮುನ್ನೂರು ಸಾಕು, ಮೂರು ವರ್ಷ ಬೇಸಿಗೆಯಲ್ಲಿ ನೀರು ಕೊಡಲಾಗುವಷ್ಟು. ನೀರಿನ ಅರ್ಧ ಭಾಗಕ್ಕಾದರೂ ಬಿಸಿಲು ಬೀಳಬೇಕು.

ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ಚಂದಕ್ಕಾಗಿ ಕಡಿಯಬೇಡಿ. ಜೂನ್, ಜುಲೈಯಲ್ಲಿ ಆ ಎಲೆಗಳ ಮೇಲೆ ಮುಷ್ಟಿ ಗಾತ್ರದ ಬಿಳಿ ನೊರೆ ಕಾಣುತ್ತದೆ. ಹಾರುವ ಹಸಿರು ಮರಗಪ್ಪೆ ಮೊಟ್ಟೆಗಳನ್ನು ಕಾಪಿಡಲು ಕಟ್ಟಿದ ಗೂಡು ಅದು. ಹೊರಮೈ ಒಣಗಿ ಹಪ್ಪಳದಂತಾಗುತ್ತದೆ, ಒಳಗೆ ಒದ್ದೆ. ಕೆಲವು ದಿನಗಳಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ಒಂದೊಂದೇ ಹನಿಯಂತೆ ಕೆಳಗೆ ಬೀಳುತ್ತವೆ. ಕೆಳಗೆ ನೀರಿರಬೇಕು, ಇಂಟರ್‌ಲಾಕ್ ಅಲ್ಲ.

ಸಾಲ್ವಿನಿಯಾವನ್ನು ಬಿದಿರಿನ ತೇಲುಗಳದಿಂದ ಒಂದು ಮೂಲೆಗೆ ದೂಡಿ, ಬಲೆಯಲ್ಲಿ ಎತ್ತಿ, ಒಂದು ರಾತ್ರಿ ನೀರಂಚಿನಲ್ಲೇ ಇಡಿ; ಸಿಕ್ಕಿಬಿದ್ದ ಮರಿಗಳು ತೆವಳಿ ವಾಪಸು ಹೋಗುತ್ತವೆ. ಮರುದಿನ ಗೊಬ್ಬರದ ಗುಂಡಿಗೆ ಹಾಕಿ. ಹಿಡಿಯಷ್ಟು ಬಿಟ್ಟರೂ ಮತ್ತೆ ಹರಡುತ್ತದೆ, ಆರು ವಾರ ಪ್ರತಿ ಭಾನುವಾರ ಇಳಿಯಲೇಬೇಕು. ಅದನ್ನಷ್ಟೇ ತಿನ್ನುವ ಒಂದು ಸೊಂಡಿಲುಹುಳ ಉಂಟು, ಭಾರತದಲ್ಲಿ 1983ರಲ್ಲಿ ಬೆಂಗಳೂರಿನಲ್ಲಿ ಮೊದಲು ಪ್ರಯೋಗವಾದದ್ದು. ದೊಡ್ಡ ಕೆರೆಯಾದರೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯನ್ನು ವಿಚಾರಿಸಿ. ಕಳೆನಾಶಕ ಬೇಡ. ನೀರಿಗಿಳಿಯುವವರು ಬೂಟು ಹಾಕಿರಲಿ, ಕಾಲಲ್ಲಿ ಗಾಯವಿದ್ದವರು ಇಳಿಯದಿರಲಿ, ಇಲಿಜ್ವರದ ಭಯವಿದೆ.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳಿಂದ ಮದಕದ ದಾಖಲೆ ಇಡಿಸಬೇಕೆಂದಿದ್ದೇನೆ. ಏನನ್ನು, ಹೇಗೆ ಬರೆಸಲಿ?
(ಶಿಕ್ಷಕಿ, ಕುಂದಾಪುರ ತಾಲೂಕು)

ಉತ್ತರ: ತಪ್ಪದೆ ಮಾಡಿಸಿ ಟೀಚರ್. ಮಂಗಳೂರಿನ ಸುತ್ತಮುತ್ತಲಿಂದಲೇ 2009ರಲ್ಲಿ ಯೂಫ್ಲಿಕ್ಟಿಸ್ ಅಲೋಶಿಯೈ, 2018ರಲ್ಲಿ ಮೈಕ್ರೊಹೈಲಾ ಕೊಡಿಯಾಲ್ ಎಂಬ ಎರಡು ಹೊಸ ಕಪ್ಪೆಗಳನ್ನು ವಿಜ್ಞಾನಿಗಳು ಗುರುತಿಸಿದರು. ಮನೆಯ ಹಿತ್ತಲಿನ ಕಪ್ಪೆಯನ್ನು ಗಮನವಿಟ್ಟು ನೋಡುವ ಮಕ್ಕಳು ನಮಗೆ ಬೇಕು.

ನಾಲ್ಕೇ ಅಂಕಣದ ಪುಸ್ತಕ ಸಾಕು. ಒಂದು, ನೀರಿನ ಮಟ್ಟ: ಸೆಂ.ಮೀ. ಗುರುತಿನ ಕಲ್ಲುಕಂಬ ನೋಡಿ ಪ್ರತಿ ಸೋಮವಾರ. ಎರಡು, ನೀರಿನ ತಿಳಿ: 20 ಸೆಂ.ಮೀ. ಅಗಲದ ತಟ್ಟೆಗೆ ಕಪ್ಪು ಬಿಳುಪು ಕಾಲುಭಾಗಗಳಾಗಿ ಬಣ್ಣ ಬಳಿದು, ಹಗ್ಗ ಕಟ್ಟಿ ಮೆಟ್ಟಿಲಿನಿಂದ ಇಳಿಸಿ, ಕಣ್ಣಿಗೆ ಮರೆಯಾದ ಆಳ. ಮಳೆಗಾಲ ಕಳೆದ ಮೇಲೂ ಅದು ಒಂದಡಿಗಿಂತ ಕಡಿಮೆಯಿದ್ದರೆ ಮೇಲಿಂದ ಮಣ್ಣು ಬರುತ್ತಿದೆ ಅಥವಾ ಪಾಚಿ ಹೆಚ್ಚಿದೆ. ಮೂರು, ಹಕ್ಕಿಗಳ ಎಣಿಕೆ: ತಿಂಗಳಿಗೆರಡು ಸಲ, ಬೆಳಿಗ್ಗೆ ಆರೂವರೆಯಿಂದ ಅರ್ಧ ಗಂಟೆ, ಯಾವಾಗಲೂ ಅದೇ ಜಾಗದಲ್ಲಿ ಕೂತು. ಗುಳುಮುಳುಕ ಮುಳುಗಿ ಬೇರೆಡೆ ಏಳುವುದರಿಂದ ಒಂದನ್ನೇ ಎರಡು ಸಲ ಎಣಿಸುತ್ತಾರೆ, ಒಮ್ಮೆಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನೇ ಬರೆಯಲಿ. ನಾಲ್ಕು, ಕಪ್ಪೆಯ ಕೂಗು: ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಮ್ಮೆ ರಾತ್ರಿ ಎಂಟಕ್ಕೆ ದೊಡ್ಡವರ ಜೊತೆ ಏರಿಯ ಮೇಲೆ ನಿಂತು ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್. ಗುರುತು ಸಿಗದ ಕೂಗು ಇದ್ದರೂ ದಿನಾಂಕ ಹಾಕಿ ಇಟ್ಟುಕೊಳ್ಳಿ, ಮುಂದೆ ತಿಳಿದವರು ಕೇಳಿ ಹೇಳಬಹುದು. ಏರಿಗೆ ದೀಪ ಹಾಕಿಸಿದ್ದರೆ ಆ ಹೊತ್ತು ಆರಿಸಲು ಹೇಳಿ, ಬೆಳಕು ಬಿದ್ದಲ್ಲಿ ಕಪ್ಪೆಗಳು ಕೂಗು ನಿಲ್ಲಿಸುತ್ತವೆ.

ಮಕ್ಕಳು ಹೋಗುವ ದಿನ ಮೆಟ್ಟಿಲ ಬಳಿ ಗಾಳಿ ತುಂಬಿದ ಟ್ಯೂಬ್, 15 ಮೀಟರ್ ಹಗ್ಗ, ಉದ್ದದ ಬಿದಿರು ಗಳ ಇರಲಿ, ಈಜು ಬಲ್ಲ ಒಬ್ಬರು ಜೊತೆಗಿರಲಿ. ಪುಸ್ತಕವನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೆನ್ಸಿಲಿನಲ್ಲೇ ಬರೆಸಿ, ಶಾಯಿ ತೇವಕ್ಕೆ ಹರಡುತ್ತದೆ.